ಸ್ಲೇಟು ಹೊತ್ತು ಸಿಂಹಳಕ್ಕೆ

ರಾಜಾಜಿನಗರ

ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ನೂಲು ಸುತ್ತುವ ಯಂತ್ರಗಳನ್ನು ತಯಾರಿಸುತ್ತಿದ್ದರು. ಅಂಥ ನಾಲ್ಕು ಯಂತ್ರಗಳು ಸಿಂಹಳದ ಒಂದು ಗಿರಣಿಗೆ ಮಾರಾಟವಾದವು. ಅವನ್ನು ಅಲ್ಲಿ ಕೂರಿಸಿ, ಓಡಿಸಿ ತೋರಿಸಿ ಬರಲು ಯಾರಾದರೂ ಹೋಗಬೇಕಾಯಿತು. ಎಪ್ಪತ್ತರ ದಶಕದ ನಡುವಿನ ಮಾತು. ಆರು ವಾರದ ಆ ಕೆಲಸ ಇವರ ಪಾಲಿಗೆ ಬಂತು.

ಸಂಜೆ ಟಿಫಿನ್ ಕ್ಯಾರಿಯರ್ ಕೆಳಗಿಡುತ್ತಲೇ ಇವರು ಹೇಳಿದರು: "ನೀನೂ ಬಾ, ಗೌರಾ. ಮಕ್ಕಳನ್ನೂ ಕರ್ಕೊಂಡು ಹೋಗೋಣ. ಅಲ್ಲಿ ಮನೆ ಕೊಡ್ತಾರಂತೆ."

"ಫೆಬ್ರವರಿ, ಮಾರ್ಚಲ್ಲಿ ಮಕ್ಕಳನ್ನ ಕರ್ಕೊಂಡು ಊರು ಬಿಟ್ಟು ಹೋಗೋದಾ?"

"ಸ್ಕೂಲಿಗೆ ಹೋಗೋ ಮಕ್ಕಳಾದ್ರೆ ಯೋಚನೆ ಮಾಡ್ಬೇಕಿತ್ತು. ನಮ್ಮನೆ ಸ್ಕೂಲ್ ನೀನೇ ಅಲ್ವಾ? ನೀನು ಬಂದ್ರೆ ಅದೂ ಬರುತ್ತೆ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಗಳು ನೀಲಾಗೆ ಆಗ ಎಂಟು ವರ್ಷ, ಮಗ ಬಸುಗೆ ಐದು. ನೀಲಾ ಎಡಗೈಯಲ್ಲಿ ಬರೆಯುವ ಹುಡುಗಿ. ಎರಡನೇ ತರಗತಿಯಲ್ಲಿ ಒಬ್ಬ ಮೇಡಮ್ಮು ಆ ಚಟ ಬಿಡಿಸುತ್ತೇನೆಂದು ಅವಳದೇ ಜಡೆಯ ರಿಬ್ಬನ್ನಿನಿಂದ ಅವಳ ಎಡಗೈಯನ್ನು ಬೆಂಚಿಗೆ ಕಟ್ಟಿಹಾಕಿದರು. ಒಂದು ದಿನವಲ್ಲ, ಇಡೀ ವಾರ. ನೀಲಾ ಮನೆಯಲ್ಲಿ ಏನೂ ಹೇಳಲಿಲ್ಲ. ಸ್ನಾನ ಮಾಡಿಸುವಾಗ ಮಣಿಕಟ್ಟಿನ ಗುರುತು ನೋಡಿ ನನಗೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಅವಳು ಹೊರಗಿನವರೊಂದಿಗೆ ಮಾತಾಡುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ಮನೆಯಲ್ಲಿ ಅರಳು ಹುರಿದ ಹಾಗೆ ಮಾತು. ಹೊಸಿಲು ದಾಟಿದರೆ ಬಾಯಿಗೆ ಬೀಗ. ವಠಾರದಲ್ಲಿ ಪಕ್ಕದ ಮನೆಯ ಸೆಲ್ವಕ್ಕ ಒಬ್ಬಳನ್ನು ಬಿಟ್ಟರೆ ಬೇರೆ ಯಾರ ಹತ್ತಿರವೂ ಅವಳು ತುಟಿ ಬಿಚ್ಚುತ್ತಿರಲಿಲ್ಲ.

ನಾನು ಮದುವೆಗೆ ಮುಂಚೆ ತುಮಕೂರಿನಲ್ಲಿ ಟ್ರೈನಿಂಗ್ ಮುಗಿಸಿ ಎರಡು ವರ್ಷ ಪಾಠ ಹೇಳಿದವಳು. ಮಗಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲೇ ಕೂರಿಸಿಕೊಂಡೆ. ಇವರು ಕೆಲಸಕ್ಕೆ ಹೋದ ಮೇಲೆ, ನಲ್ಲಿ ನೀರು ತುಂಬಿಸಿ, ಒಂಬತ್ತೂವರೆಗೆ ನಡುಮನೆಯಲ್ಲಿ ಚಾಪೆ ಹಾಸಿದರೆ ಅದೇ ಶಾಲೆ. ಹುಣಸೆಬೀಜದಲ್ಲಿ ಕೂಡುವುದು ಕಳೆಯುವುದು, ಗೋಡೆಯ ಕರೆಂಟ್ ಮೀಟರು ನೋಡಿ ಸಾವಿರದ ಸ್ಥಾನ, ಹಳೇ ಬಸ್ ಟಿಕೆಟ್ಟುಗಳಿಂದ ಓದು. ಬಸು ಅಕ್ಕನ ಪಕ್ಕ ಕೂತು ತಾನೂ ಕಲಿಯತೊಡಗಿದ. ನೋಡಿದವರೆಲ್ಲ, "ಯಾಕ್ರೀ, ಮಕ್ಕಳಿಗೆ ಮೈ ಹುಷಾರಿಲ್ವಾ?" ಎಂದು ಕೇಳುತ್ತಿದ್ದರು. ಮೊದಮೊದಲು ವಿವರಿಸುತ್ತಿದ್ದೆ. ಆಮೇಲೆ, "ಹೂಂ, ಸ್ವಲ್ಪ ನೆಗಡಿ" ಎಂದುಬಿಡುತ್ತಿದ್ದೆ. ಒಂದೂವರೆ ವರ್ಷ ನಮ್ಮ ಮಕ್ಕಳಿಗೆ ನೆಗಡಿಯೇ.

ಈ ನೆಗಡಿಯನ್ನು ಒಪ್ಪದಿದ್ದವರು ವಿಜಯನಗರದಲ್ಲಿದ್ದ ನಮ್ಮ ಭಾವ, ಇವರ ಅಣ್ಣ. ಸರ್ಕಾರಿ ಕಛೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದವರು, ಮನೆಯ ಹಿರಿಯರು. ನಾವು ಹೊರಡುವ ಹಿಂದಿನ ಭಾನುವಾರ ಬಂದು, ಕಾಫಿ ಕುಡಿದು ಮುಗಿಸಿ ಹೇಳಿದರು: "ನೋಡಮ್ಮ, ಒಂದು ಒಳ್ಳೇ ಸ್ಕೂಲಲ್ಲಿ ಜೂನ್‌ಗೆ ಸೀಟು ಹೇಳಿಟ್ಟಿದೀನಿ. ಹೋಗ್ ಬನ್ನಿ, ಸಂತೋಷ. ಬಂದ್ಮೇಲೆ ಮಾತ್ರ ಈ ಆಟ ಸಾಕು. ಮಗು ಮೂಗಿ ಥರ ಆಗ್ತಾ ಇದೆ."

ನನಗೆ ಸಿಟ್ಟು ಬಂತು. ಮಾತು ಸುಳ್ಳಲ್ಲವಾದ್ದರಿಂದ ಇನ್ನಷ್ಟು ಬಂತು. "ಆಗ್ಲಿ ಭಾವ" ಎಂದೆ.

ರಾಮೇಶ್ವರ

ಮದರಾಸಿನ ಮೇಲೆ ಹಾದು, ಎರಡು ರೈಲು ಬದಲಾಯಿಸಿ, ಮೈಯೆಲ್ಲ ಕಲ್ಲಿದ್ದಲ ಮಸಿ ಮಾಡಿಕೊಂಡು ರಾಮೇಶ್ವರ ಮುಟ್ಟಿದೆವು. ಬೇರೆ ಪ್ರಯಾಣಿಕರು ಸೀರೆಯ ಗಂಟು, ಪಾತ್ರೆ ಪಗಡ ಹೊತ್ತಿದ್ದರೆ ನಮ್ಮ ಟ್ರಂಕಿನಲ್ಲಿ ಎರಡು ಸ್ಲೇಟು, ಬಳಪದ ಡಬ್ಬಿ, ಮಗ್ಗಿ ಪುಸ್ತಕ, ಭೂಪಟ ಮತ್ತು ಐದು ಸೇರು ರಾಗಿಹಿಟ್ಟು. ಸುಂಕದ ಅಧಿಕಾರಿ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ರಾಗಿಹಿಟ್ಟನ್ನು ಬೆರಳಿನಲ್ಲಿ ಮುಟ್ಟಿ ಮೂಸಿದರು. ಕೊನೆಗೆ ಹುಣಸೆಬೀಜದ ಚೀಲ ಕೈಗೆ ಸಿಕ್ಕಿತು.

"ಇದು ಯಾಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಲೆಕ್ಕ ಕಲಿಸೋಕೆ."

"ಬೀಜಗಳನ್ನು ದೇಶದಿಂದ ಆಚೆ ಒಯ್ಯುವ ಹಾಗಿಲ್ಲ."

"ಇವು ಮೊಳೆಯೋದಿಲ್ಲ ಸಾರ್, ಹುರಿದದ್ದು."

ಅವರು ನಗಲಿಲ್ಲ. ಆದರೂ ಒಳ್ಳೆಯ ಮನುಷ್ಯ, ನೀಲಾಳ ಕಡೆ ಬಾಗಿ, "ಸರಿ, ಲೆಕ್ಕ ಬರುತ್ತಾ? ಏಳೆಂಟಲ ಎಷ್ಟು ಹೇಳು, ಚೀಲ ನಿನಗೇ ಕೊಡ್ತೀನಿ" ಎಂದರು.

ಏಳೆಂಟಲ ಐವತ್ತಾರು ನೀಲಾಗೆ ನಿದ್ದೆಯಲ್ಲೂ ಬರುತ್ತಿತ್ತು. ಅವಳು ನನ್ನ ಸೆರಗಿನ ಹಿಂದೆ ಸರಿದು, ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು. ಅಧಿಕಾರಿ ಕಾದರು. ಹಿಂದೆ ನಿಂತಿದ್ದವರೂ ಕಾದರು. ನಾನೇ, "ಐವತ್ತಾರು ಸಾರ್, ಅವಳಿಗೆ ಗೊತ್ತು" ಎಂದೆ.

"ನಮ್ಮಕ್ಕ ಹೊರಗಿನವರ ಹತ್ರ ಮಾತಾಡಲ್ಲ" ಎಂದು ಬಸು ಕನ್ನಡದಲ್ಲಿ ಸಮಜಾಯಿಷಿ ಕೊಟ್ಟ.

ಹುಣಸೆಬೀಜ ಭಾರತದಲ್ಲೇ ಉಳಿಯಿತು.

ಹಡಗಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ನಾನು ಮೊದಲ ಬಾರಿ ಸಮುದ್ರ ನೋಡಿದ್ದು ಅಂದು. ನೋಡಿದ ಅರ್ಧ ಗಂಟೆಗೆ ನನಗೂ ಬಸುವಿಗೂ ವಾಂತಿ ಶುರುವಾಯಿತು. ಇವರು ಒಂದು ಕೈಯಲ್ಲಿ ನನ್ನನ್ನು, ಇನ್ನೊಂದರಲ್ಲಿ ಮಗನನ್ನು ಹಿಡಿದುಕೊಂಡು ನಿಂತರು. ನೀಲಾ ಮಾತ್ರ ಕಟಕಟೆಗೆ ಗಲ್ಲ ಆನಿಸಿ ಒಂದೇ ಸಮ ನೀರು ನೋಡುತ್ತಿದ್ದಳು. ಏನು ಕಂಡಳೋ ನಮಗೆ ಹೇಳಲಿಲ್ಲ.

ಗಂಪೊಲ

ಗಂಪೊಲ ಎಂಬುದು ಕ್ಯಾಂಡಿಯ ದಕ್ಷಿಣಕ್ಕಿರುವ ಸಣ್ಣ ಪೇಟೆ. ಸುತ್ತ ಚಹ ಬೆಳೆದ ಗುಡ್ಡಗಳು, ಪಕ್ಕದಲ್ಲಿ ಮಹಾವೇಲಿ ಹೊಳೆ. ಗಿರಣಿಯವರು ನಮಗೆ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್ಸರ ಮನೆಯಲ್ಲಿ ಹಿಂದಿನ ಎರಡು ಕೋಣೆ ಗೊತ್ತುಮಾಡಿದ್ದರು. ಅವರ ಹೆಸರು ಲೀಲಾವತಿ. ಊರಿಗೆಲ್ಲ ಲೀಲಾವತಿ ಟೀಚರ್. ಎತ್ತರದ ಹೆಂಗಸು, ಬಿಳಿ ಸೀರೆ, ಬೆನ್ನು ಅಳತೆಪಟ್ಟಿಯಷ್ಟು ನೇರ. ಅವರಿಗೆ ಸಿಂಹಳವೂ ಇಂಗ್ಲಿಷೂ ಬರುತ್ತಿದ್ದವು; ನನಗೆ ಕನ್ನಡವೂ ಅರ್ಧ ಇಂಗ್ಲಿಷೂ. ಆ ಅರ್ಧದಲ್ಲೇ ಆರು ವಾರ ಸಂಸಾರ ಮಾಡಿದೆವು.

ಅವರ ಭಾಷೆಯಲ್ಲಿ ಅಮ್ಮ ಎಂದರೆ ಅಮ್ಮನೇ, ಅಕ್ಕ ಎಂದರೆ ಅಕ್ಕನೇ. ಇದು ಕೇಳಿ ನನಗೆ ಅರ್ಧ ಊರು ಸಿಕ್ಕಿದಷ್ಟು ಖುಷಿಯಾಯಿತು. ಬಸುವಿಗೆ ಆಗಲಿಲ್ಲ. ಅಲ್ಲಿ ತಮ್ಮನಿಗೆ 'ಮಲ್ಲಿ' ಎನ್ನುತ್ತಾರೆ. ಬೀದಿಯಲ್ಲಿ ಯಾರು ಕಂಡರೂ ಪ್ರೀತಿಯಿಂದ "ಮಲ್ಲೀ, ಮಲ್ಲೀ" ಎಂದು ಕರೆಯುವುದು, ಇವನು, "ನಾನು ಹುಡುಗಿ ಅಲ್ಲ! ಬಸವರಾಜು!" ಎಂದು ಕಾಲು ಅಪ್ಪಳಿಸುವುದು. ನೀಲಾ ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಒಳಗೆ ಮಾತ್ರ.

ಆ ವರ್ಷ ಅಲ್ಲಿ ಅಕ್ಕಿ, ಸಕ್ಕರೆ ಎರಡಕ್ಕೂ ತತ್ವಾರ. ಚಹಕ್ಕೆ ಸಕ್ಕರೆ ಹಾಕುವುದಿಲ್ಲ; ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು, ಅದನ್ನು ಕಚ್ಚಿ ಒಂದು ಗುಟುಕು ಕಪ್ಪು ಚಹ ಕುಡಿಯುತ್ತಾರೆ. ಎರಡೇ ದಿನಕ್ಕೆ ನಮಗೂ ಅದೇ ಅಭ್ಯಾಸವಾಯಿತು. ಊಟದ ವಿಷಯ ಮಾತ್ರ ಅಷ್ಟು ಸುಲಭವಾಗಲಿಲ್ಲ. ಬಂದ ಮೂರನೇ ದಿನ ಟೀಚರ್ ಕಾಯಿಚಟ್ನಿಯಂಥದ್ದೊಂದನ್ನು ಕಳಿಸಿದರು. ಕೆಂಪಗೆ, ಖಾರವಾಗಿ, ಬಹಳ ರುಚಿ. ಚಕ್ಕೆಯ ಚೂರಿನಂಥ ಗಟ್ಟಿ ಪದಾರ್ಥ ನಡುನಡುವೆ ಹಲ್ಲಿಗೆ ಸಿಗುತ್ತಿತ್ತು. ಮಾರನೆಯ ದಿನ ನಾನು ಅವರಲ್ಲಿಗೆ ಹೋಗಿ, ಆ ಮಸಾಲೆಯ ಮರ ಯಾವುದು ಎಂದು ಕೇಳಿದೆ.

"ಮರವಲ್ಲ, ಅದು ಉಂಬಲಕಡ" ಎಂದು ಅವರು ಒಂದು ಕಂದು ಕೊರಡನ್ನು ತಂದು ತೋರಿಸಿದರು. "ಒಣಗಿಸಿದ ಮೀನು."

ನನ್ನ ಮುಖ ನೋಡಿ ಅವರೂ ಬೆಚ್ಚಿದರು. ನಾವು ಲಿಂಗವಂತರು, ಮೀನು ಮಾಂಸ ಮುಟ್ಟುವುದಿಲ್ಲ ಎಂದೆ. "ಅಯ್ಯೋ, ಅದನ್ನು ತಿನ್ನುವುದಕ್ಕೆ ಅಂತ ಹಾಕುವುದಲ್ಲ, ವಾಸನೆಗೆ" ಎಂದು ಅವರು ಸಮಾಧಾನ ಮಾಡಿದರು. ಇವರಿಗೆ ಹೇಳಿದಾಗ, "ಅಮ್ಮನಿಗೆ ಬರಿಯೋ ಕಾಗದದಲ್ಲಿ ಚಟ್ನಿ ವಿಷಯ ಬೇಡ" ಎಂದರು. ದಾವಣಗೆರೆಯಲ್ಲಿದ್ದ ನಮ್ಮ ಅತ್ತೆಗೆ ಈ ಸಂಗತಿ ಕೊನೆಯವರೆಗೂ ತಿಳಿಯಲಿಲ್ಲ. ಅಂದಿನಿಂದ ಟೀಚರ್ ನಮಗೆಂದೇ ಪ್ರತ್ಯೇಕ ಒರಳು ಇಟ್ಟರು.

ಟೀಚರ ವರಾಂಡ

ಬೆಳಿಗ್ಗೆ ಏಳಕ್ಕೆಲ್ಲ ಗಂಪೊಲದ ರಸ್ತೆಗಳು ಬೆಳ್ಳಗಾಗುತ್ತಿದ್ದವು. ಅಲ್ಲಿ ಎಲ್ಲ ಮಕ್ಕಳೂ ಶಾಲೆಗೆ ಬಿಳಿ ಬಟ್ಟೆಯಲ್ಲೇ ಹೋಗುವುದು. ಬಡವರ ಮನೆಯ ಮಗುವಿನ ಅಂಗಿ ಕೂಡ ಮಲ್ಲಿಗೆಯಂತೆ ಒಗೆದಿರುತ್ತಿತ್ತು. ಆ ಸಾಲು ಮುಂದೆ ಹಾದುಹೋಗುವಾಗ ನನ್ನಿಬ್ಬರು ಮಕ್ಕಳು ಮೆಟ್ಟಿಲ ಮೇಲೆ ಕೂತಿರುವುದು ಟೀಚರಿಗೆ ಸಹಿಸಲಾಗುತ್ತಿರಲಿಲ್ಲ. ಒಂದು ವಾರ ತಡೆದುಕೊಂಡರು. ಆಮೇಲೆ ನೇರವಾಗಿ ಕೇಳಿದರು. ನಾನು ಬೆಂಚು, ರಿಬ್ಬನ್ನು ಎಲ್ಲ ಹೇಳಿದೆ. ಅವರು ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು.

"ಆ ಟೀಚರ್ ಮಾಡಿದ್ದು ತಪ್ಪು. ಆದರೆ ನೀನು ಮಗುವನ್ನು ಶಾಲೆಯಿಂದ ಬಿಡಿಸಿದೆಯೋ, ಜನರಿಂದ ಬಿಡಿಸಿದೆಯೋ?"

"ಅಂದರೆ?"

"ನಾನು ಅವಳನ್ನು ಏನು ಕೇಳಿದರೂ ಉತ್ತರ ನಿನ್ನಿಂದಲೇ ಬರುತ್ತದೆ."

ಎರಡು ದಿನ ನಾನು ಅವರ ವರಾಂಡದ ಕಡೆ ಹೋಗಲಿಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಗಿಸುವಾಗ ಅವರಿಗೆ ಮನಸ್ಸಿನಲ್ಲೇ ಒಳ್ಳೊಳ್ಳೆಯ ಇಂಗ್ಲಿಷ್ ಉತ್ತರಗಳನ್ನು ಕೊಟ್ಟೆ. ನಿಮಗೇನು ಗೊತ್ತು, ಮಗುವಿನ ಮಣಿಕಟ್ಟು ನೋಡಿದವಳು ನಾನು ಎಂದೆ. ನನ್ನ ಮಗಳು ಓದುತ್ತಾಳೆ, ಬರೆಯುತ್ತಾಳೆ, ಭಾಗಾಕಾರ ಮಾಡುತ್ತಾಳೆ ಎಂದೆ. ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೂ ಅವರ ಪ್ರಶ್ನೆ ಹಾಗೇ ಉಳಿದಿತ್ತು.

ಮೂರನೆಯ ದಿನ ನಾವು ಚಾಪೆ ಹಾಸಿ ಕೂತಿದ್ದಾಗ ಟೀಚರೇ ಬಂದರು. ಕೈಯಲ್ಲೊಂದು ತಗಡಿನ ಡಬ್ಬಿ. ಅದನ್ನು ಚಾಪೆಯ ಮೇಲೆ ಬೋರಲು ಹಾಕಿದರು. ಫಳಫಳ ಹೊಳೆಯುವ ಕೆಂಪು ಬೀಜಗಳು. ನಮ್ಮ ಗುಲಗಂಜಿಗಿಂತ ದೊಡ್ಡವು, ಕಪ್ಪು ಚುಕ್ಕೆ ಇಲ್ಲ. ಅಲ್ಲಿನ ಮಕ್ಕಳು ಇವುಗಳಲ್ಲೇ ಎಣಿಸುವುದು ಕಲಿಯುತ್ತಾರಂತೆ. ಬಸು ಎರಡೂ ಕೈಯಲ್ಲಿ ಬಾಚಿಕೊಂಡ. ನೀಲಾ ತಲೆ ಎತ್ತದೆ ಬರೆಯುತ್ತಲೇ ಇದ್ದಳು. ಎಡಗೈಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಬರೆದದ್ದು ಅಳಿಸದಂತೆ ಮೇಲಿನಿಂದ ಬರೆಯುವುದು ಅವಳ ರೀತಿ. ಟೀಚರ್ ಅದನ್ನು ಬಹಳ ಹೊತ್ತು ನೋಡಿದರು.

"ನಾನು ಮೂವತ್ತೊಂದು ವರ್ಷ ಪಾಠ ಮಾಡಿದೆ" ಎಂದರು. "ಈ ಥರದ ಬೆರಳುಗಳಿಗೆ ನಾನೂ ರೂಲರಿನಿಂದ ಹೊಡೆದಿದ್ದೇನೆ. ಒಳ್ಳೆಯದಕ್ಕೆ ಅಂತಲೇ ಹೊಡೆದೆ. ಒಬ್ಬರ ತಾಯಿಯೂ ಬಂದು ನನ್ನನ್ನು ಕೇಳಲಿಲ್ಲ."

ನಾನು ಒಳಗೆ ಹೋಗಿ ಚಹ ಮಾಡಿ ತಂದೆ. ಬೆಲ್ಲದ ಚೂರನ್ನು ಅವರ ಅಂಗೈಗಿಟ್ಟೆ. ಆ ದಿನದಿಂದ ಪಾಠ ಅವರ ವರಾಂಡದಲ್ಲೇ. ಅವರು ಸಿಂಹಳದ ಅಕ್ಷರ ಬರೆದು ತೋರಿಸುವರು. ನಮ್ಮ ಕನ್ನಡದ ಹಾಗೇ ದುಂಡಗೆ, ಕೊಂಬು ಬಾಲ ಹೊತ್ತ ಅಕ್ಷರಗಳು. ನೀಲಾ ನೋಡಿ ಬರೆಯುವಳು. ಟೀಚರ್ ಅವಳನ್ನು 'ದುವ' ಎಂದು ಕರೆಯುವರು, ಮಗಳು ಎಂಬರ್ಥ. ಅವಳು ಉತ್ತರವನ್ನು ಸ್ಲೇಟಿನ ಮೇಲೆ ಬರೆದು ತೋರಿಸುವಳು. ಬಾಯಿ ಮಾತ್ರ ಬಿಡಲಿಲ್ಲ.

ಪೇರಾದೆನಿಯ ಜಂಕ್ಷನ್

ಐದನೆಯ ವಾರ ನಾನೊಬ್ಬಳೇ ಮಕ್ಕಳನ್ನು ಕರೆದುಕೊಂಡು ಕ್ಯಾಂಡಿ ನೋಡಿಬರಲು ಹೊರಟೆ. ಇವರ ಯಂತ್ರಗಳಲ್ಲಿ ಮೂರು ಓಡುತ್ತಿದ್ದವು, ನಾಲ್ಕನೆಯದು ಹಟ ಹಿಡಿದು ಕೂತಿತ್ತು. ನನಗೆ ಧೈರ್ಯ ಬಂದಿತ್ತು. ರಾಜಾಜಿನಗರದಿಂದ ಮೆಜೆಸ್ಟಿಕ್ಕಿಗೆ ಹೋಗಿಬರುವವಳಿಗೆ ಇದೇನು ಮಹಾ ಎಂದುಕೊಂಡೆ.

ಹೋಗುವಾಗ ಎಲ್ಲ ಸುಸೂತ್ರ. ಕ್ಯಾಂಡಿಯ ಕೆರೆಯ ಸುತ್ತ ನಡೆದೆವು. ನಮ್ಮ ಸ್ಯಾಂಕಿ ಕೆರೆಗಿಂತ ಚೆಲುವಾಗಿತ್ತು ಎಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಅಚ್ಚುಕಟ್ಟಾಗಿತ್ತು ಎಂದಷ್ಟೇ ಹೇಳುತ್ತೇನೆ. ಹಿಂತಿರುಗುವಾಗ ಪೇರಾದೆನಿಯ ಜಂಕ್ಷನ್ನಿನಲ್ಲಿ ಇಳಿದು ರೈಲು ಬದಲಾಯಿಸಬೇಕು. ಅಲ್ಲಿಂದ ಒಂದು ದಾರಿ ಗಂಪೊಲಕ್ಕೆ, ಇನ್ನೊಂದು ಕೊಲಂಬೋಗೆ. ಒಂದು ರೈಲು ನಿಂತಿತ್ತು. ಮಕ್ಕಳನ್ನು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಬುತ್ತಿಯ ಚೀಲ ನೀಲಾಳ ತೊಡೆಯ ಮೇಲಿಟ್ಟೆ. ನಾನೂ ಕೂತಿದ್ದರೆ ಆಗುತ್ತಿತ್ತು. ಯಾಕೋ ಅನುಮಾನ ಬಂತು. "ಒಂದ್ನಿಮಿಷ, ಇದು ನಮ್ಮ ರೈಲೇನಾ ಕೇಳ್ಕೊಂಡ್ ಬರ್ತೀನಿ" ಎಂದು ಇಳಿದು ಹತ್ತು ಹೆಜ್ಜೆ ಹೋದೆ.

ಪೋರ್ಟರನ್ನು, "ಗಂಪೊಲ?" ಎಂದು ಕೇಳಿದೆ. ಅವನು ತಲೆಯಾಡಿಸಿ, "ಕೊಲಂಬೋ" ಎಂದ. ತಿರುಗಿ ನೋಡುವಷ್ಟರಲ್ಲಿ ರೈಲು ಚಲಿಸುತ್ತಿತ್ತು.

ಓಡಿದೆ. ಚಪ್ಪಲಿ ಎಲ್ಲೋ ಬಿತ್ತು. ಕಿಟಕಿಯಲ್ಲಿ ಬಸುವಿನ ಬಾಯಿ ದೊಡ್ಡದಾಗಿ ತೆರೆದಿತ್ತು. ಅವನು ಎದ್ದು ಬಾಗಿಲ ಕಡೆ ಹೊರಟಿದ್ದ. ನೀಲಾ ಅವನ ಕಾಲರನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದಿದ್ದಳು. ನಾನು ಕೂಗಿದ್ದು ಒಂದೇ ಮಾತು: "ಇಳೀಬೇಡಿ! ಜಿಗೀಬೇಡಿ!" ಗಾಡಿ ತಿರುವು ದಾಟಿ ಮರೆಯಾಯಿತು.

ಸ್ಟೇಷನ್ ಮಾಸ್ತರರು ನನ್ನನ್ನು ಕೂರಿಸಿ ನೀರು ಕೊಟ್ಟರು. ಮುಂದಿನ ಸಣ್ಣ ಸ್ಟೇಷನ್ನಿಗೆ ಟೆಲಿಫೋನು ತಿರುಗಿಸಿದರು. ಅಲ್ಲಿ ಯಾವ ಮಕ್ಕಳೂ ಇಳಿದಿರಲಿಲ್ಲ. ಅದರ ಮುಂದಿನದು ಕಡುಗಣ್ಣಾವ. ಅಲ್ಲಿಗೆ ಹೇಳಿಟ್ಟಿದ್ದೇನೆ, ಗಾಡಿ ಇನ್ನೂ ಮುಟ್ಟಿಲ್ಲ, ಕಾಯಿರಿ ಎಂದರು. ನಾನು ಯೋಚಿಸಿದ್ದು ಒಂದೇ. ಯಾರಾದರೂ ಬಂದು ನೀಲಾಳನ್ನು ಹೆಸರೇನು, ಊರೇನು ಎಂದು ಕೇಳುತ್ತಾರೆ. ಅವಳು ಹೇಳುವುದಿಲ್ಲ. ಬಸುವಿಗೆ ಕನ್ನಡ ಬಿಟ್ಟರೆ ಬೇರೆ ಬರದು. ಗಂಪೊಲ ಎಂಬ ಒಂದು ಶಬ್ದ ಬಾಯಿಂದ ಬೀಳದಿದ್ದರೆ ಕೊಲಂಬೋ ತನಕ, ಅಲ್ಲಿಂದ ಮುಂದೆ ಎಲ್ಲಿಗೋ. ಒಂದೂವರೆ ವರ್ಷ ಅವಳಿಗೆ ಬಂದ ಪ್ರಶ್ನೆಗಳಿಗೆಲ್ಲ ನಾನೇ ಅಡ್ಡ ನಿಂತು ಉತ್ತರ ಹೇಳಿದ್ದೆ. ಈಗ ಅಲ್ಲಿ ನಾನಿಲ್ಲ.

ಕಾಯಲಾಗಲಿಲ್ಲ. ಬರಿಗಾಲಲ್ಲೇ ರಸ್ತೆಗೆ ಬಂದು, ಕೊಲಂಬೋ ಕಡೆ ಹೋಗುವ ಬಸ್ಸು ಹತ್ತಿದೆ. ಕಂಡಕ್ಟರಿಗೆ ಕಡುಗಣ್ಣಾವ ಎಂದು ಹೇಳಿ, ಕೈಸನ್ನೆಯಲ್ಲಿ ರೈಲು, ಮಕ್ಕಳು, ಎರಡು ಎಂದು ತೋರಿಸಿದೆ. ಪಕ್ಕದಲ್ಲಿ ಕೂತಿದ್ದ ಮುದುಕಿ ಅರ್ಥ ಮಾಡಿಕೊಂಡಳೋ ಇಲ್ಲವೋ, ದಾರಿಯುದ್ದಕ್ಕೂ ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬಸ್ಸಿನಲ್ಲಿದ್ದವರೆಲ್ಲ ತಮ್ಮತಮ್ಮಲ್ಲಿ ಏನೋ ಮಾತಾಡಿಕೊಂಡರು. ಆಮೇಲೆ ಬಸ್ಸು ನಡುವಿನ ಯಾವ ಸ್ಟಾಪಿನಲ್ಲೂ ನಿಲ್ಲಲಿಲ್ಲ.

ಕಡುಗಣ್ಣಾವ

ಸ್ಟೇಷನ್ನಿನ ಬಾಗಿಲಲ್ಲಿ ಬಿಳಿ ಕೋಟು ತೊಟ್ಟ ಮಾಸ್ತರರು ನಿಂತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈಯಲ್ಲಿದ್ದ ಕಾಗದ ನೋಡಿ, ಇಂಗ್ಲಿಷಿನಲ್ಲಿ ಕೇಳಿದರು: "ಕಳೆದುಹೋದ ತಾಯಿ ನೀವೇನಾ?"

ನನಗೆ ಅರ್ಥವಾಗಲಿಲ್ಲ. ಅವರ ಬೆನ್ನ ಹಿಂದೆ ಕಛೇರಿಯ ದೊಡ್ಡ ಮೇಜಿನ ಮೇಲೆ ಬಸು ಕಾಲು ನೇತುಹಾಕಿಕೊಂಡು ಬ್ರೆಡ್ಡು ತಿನ್ನುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ನೀಲಾ, ಬುತ್ತಿಯ ಚೀಲ ತೊಡೆಯ ಮೇಲೆ ಹಾಗೇ ಇತ್ತು. ನನ್ನನ್ನು ಕಂಡು, "ಅಮ್ಮ! ಸಿಕ್ಬಿಟ್ರಾ!" ಎಂದಳು. ಆಮೇಲೆ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲವಂತೆ.

ಮಾಸ್ತರರು ನಡೆದದ್ದನ್ನು ಹೇಳಿದರು. ಗಾಡಿ ನಿಂತ ಕೂಡಲೇ ಈ ಹುಡುಗಿ ತಮ್ಮನನ್ನು ಎಳೆದುಕೊಂಡು ಇಳಿದು, ನೇರ ಅವರ ಮುಂದೆ ನಿಂತು, ತಮಿಳಿನಲ್ಲಿ ಜೋರಾಗಿ ಹೇಳಿದಳು: "ಎಂಗ ಅಮ್ಮಾ ಕಾಣಾಪೋಚ್ಚು!" ನಮ್ಮಮ್ಮ ಕಳೆದುಹೋಗಿದೆ. ವಠಾರದ ಸೆಲ್ವಕ್ಕನ ಮನೆಯಲ್ಲಿ ಕಲಿತ ತಮಿಳು; ಅದರಲ್ಲಿ ಬಹುವಚನಕ್ಕೆ ಜಾಗವಿಲ್ಲ. ಮಾಸ್ತರರಿಗೆ ಆಗಲೇ ಫೋನು ಬಂದಿದ್ದರಿಂದ ವಿಷಯ ಗೊತ್ತಿತ್ತು. ಆದರೂ ಹುಡುಗಿಯ ಗಾಂಭೀರ್ಯ ನೋಡಿ, ದೂರು ಬರೆದುಕೊಡು ಎಂದು ಪೆನ್ಸಿಲು ಕೊಟ್ಟರಂತೆ. ಅವಳು ಎಡಗೈಗೆ ತೆಗೆದುಕೊಂಡಾಗ, "ಆ ಕೈಯಲ್ಲೇ?" ಎಂದು ತಮಿಳಿನಲ್ಲಿ ಸುಮ್ಮನೆ ಕೇಳಿದರಂತೆ.

"ಅದಕ್ಕೆ ನಿಮ್ಮ ಮಗಳು ಏನು ಹೇಳಿದಳು ಗೊತ್ತೇ? ನಾನು ಈ ಕೈಯಲ್ಲೇ ಬರೆಯೋದು, ನೀನು ಮೊದಲು ಅಮ್ಮನ್ನ ಹುಡುಕು ಅಂತ."

ಅವರು ಕಾಗದವನ್ನು ನನ್ನ ಕೈಗೆ ಕೊಟ್ಟರು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಹೆಸರು ಗೌರಮ್ಮ. ಹಸಿರು ಸೀರೆ. ಕನ್ನಡಕ ಇದೆ. ಉದ್ದ ಇಲ್ಲ. ಮನೆ ಗಂಪೊಲ, ಲೀಲಾವತಿ ಟೀಚರ್. ಈ ಕೊನೆಯ ಸಾಲು ಸಿಂಹಳದ ದುಂಡು ಅಕ್ಷರಗಳಲ್ಲೂ ಇತ್ತು, ಎರಡು ತಪ್ಪುಗಳೊಂದಿಗೆ. ಕೆಳಗೆ ಗುರುತುಗಳು ಎಂದು ಬರೆದು, ಅದರ ಮುಂದೆ: ಚೆನ್ನಾಗಿ ಲೆಕ್ಕ ಹೇಳಿಕೊಡುತ್ತಾರೆ.

ಅಳು ಬಂತು, ನಗುವೂ ಬಂತು. ಮಾಸ್ತರರ ಮುಂದೆ ಯಾವುದನ್ನು ಮೊದಲು ಮಾಡಬೇಕೋ ತಿಳಿಯದೆ ಕೆಮ್ಮಿದೆ. ಅವರು ಮುಂದಿನ ಗಾಡಿಗೆ ನಮ್ಮನ್ನು ತಾವೇ ಹತ್ತಿಸಿದರು. "ಈ ಸಲ ತಾಯಿಯ ಕೈ ಬಿಡಬೇಡ" ಎಂದು ನೀಲಾಗೆ ಹೇಳಿದರು. ಅವಳು, "ಸರಿ ಸಾರ್" ಎಂದಳು. ಬಾಯಲ್ಲಿ.

ಅಂದು ಸಂಜೆ ಇವರಿಗೆ ಎಲ್ಲವನ್ನೂ ಹೇಳಿದೆ, ತಪ್ಪು ನನ್ನದೇ ಎಂದೂ ಹೇಳಿದೆ. ಇವರು ಬೈಯುತ್ತಾರೆ ಎಂದುಕೊಂಡಿದ್ದೆ. ಕಾಗದವನ್ನು ಎರಡು ಸಲ ಓದಿ, ಮಡಿಸಿ, ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ಲೀಲಾವತಿ ಟೀಚರ್ ನಾ ಹೇಳಿದ್ದೆನಲ್ಲ ಎಂದು ಅನ್ನಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವರದು. ಸಿಂಹಳದ ಎರಡು ತಪ್ಪುಗಳನ್ನು ಮಾತ್ರ ಮಾರನೆಯ ದಿನ ನೀಲಾಳಿಂದ ಹತ್ತು ಸಲ ಬರೆಸಿದರು. ಹತ್ತನೆಯ ಸಲಕ್ಕೆ ನೀಲಾ, "ಕೈ ನೋಯುತ್ತೆ ಟೀಚರ್" ಎಂದು ಇಂಗ್ಲಿಷಿನಲ್ಲಿ ದೂರಿದಳು. ಟೀಚರ್ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತು ಈಚೆ ಬರಲಿಲ್ಲ.

ಮತ್ತೆ ರಾಜಾಜಿನಗರ

ನಾಲ್ಕನೆಯ ಯಂತ್ರವೂ ಓಡಿತು. ನಾವು ಊರಿಗೆ ಬಂದೆವು. ಆರು ವಾರದಲ್ಲಿ ನಮ್ಮ ಬೀದಿ ಕಿರಿದಾದಂತೆ, ನಲ್ಲಿಯ ನೀರು ಸಿಹಿಯಾದಂತೆ ಅನ್ನಿಸಿತು. ಬಂದ ಮೊದಲ ಭಾನುವಾರವೇ ಭಾವ ಬಂದರು. ಜೂನಿನ ಸೀಟು ಗಟ್ಟಿಯಾಗಿತ್ತು. ನಾನು ದಾರಿಯುದ್ದಕ್ಕೂ ಅವರಿಗೆ ಕೊಡಬೇಕಾದ ಉತ್ತರ ಜೋಡಿಸಿಕೊಂಡು ಬಂದಿದ್ದೆ. ಅವರು ಕೇಳಿದ್ದು ನನ್ನನ್ನಲ್ಲ.

"ಏನಮ್ಮ ನೀಲಾ, ಜೂನ್‌ಗೆ ಸ್ಕೂಲಿಗೆ ಹೋಗ್ತೀಯಾ?"

ನನ್ನ ಬಾಯಿ ತೆರೆಯಿತು. ಮುಚ್ಚಿಕೊಂಡೆ. ಅಷ್ಟು ಕಷ್ಟದ ಕೆಲಸ ನಾನು ಆ ಇಡೀ ಪ್ರವಾಸದಲ್ಲೂ ಮಾಡಿರಲಿಲ್ಲ. ನೀಲಾ ನನ್ನ ಕಡೆ ನೋಡಿದಳು. ನಾನು ಕಾಫಿ ಲೋಟದ ಕಡೆ ನೋಡಿದೆ.

"ಈ ವರ್ಷ ಬೇಡ ದೊಡ್ಡಪ್ಪ" ಎಂದಳು. "ಅಮ್ಮ ಭಿನ್ನರಾಶಿ ಶುರು ಮಾಡಿದಾರೆ, ಮುಗೀಲಿ. ಮುಂದಿನ ವರ್ಷ ಹೋಗ್ತೀನಿ. ಎಡಗೈಲೇ ಬರೆಯೋದು ಅಂತ ನೀವು ಮೊದ್ಲೇ ಹೇಳ್ಬಿಡಿ ಅವರಿಗೆ."

ಭಾವ ನನ್ನ ಮುಖ ನೋಡಿದರು. "ನೀನು ಹೇಳ್ಕೊಟ್ಟಿದ್ದಾ ಇದು?"

"ಇಲ್ಲ ಭಾವ."

"ಇಲ್ಲ ಅಣ್ಣ, ಇದು ಅವಳದೇ" ಎಂದರು ಇವರು.

ಭಾವ ಇನ್ನೊಂದು ಲೋಟ ಕಾಫಿ ಕೇಳಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ಭಿನ್ನರಾಶಿ ಚೆನ್ನಾಗಿ ಹೇಳ್ಕೊಡು. ನಮ್ಮ ಮನೇಲಿ ಯಾರಿಗೂ ಅದು ಬರ್ಲಿಲ್ಲ" ಎಂದರು. ನೀಲಾ ಹೇಳಿದಂತೆಯೇ ಮರುವರ್ಷ ಶಾಲೆ ಸೇರಿದಳು. ಭಾವ ತಾವೇ ಹೋಗಿ ಅವಳ ಕೈಯ ವಿಷಯ ಮಾತಾಡಿಬಂದರು.

ಆದರೆ ನನಗೆ ಹೆಚ್ಚು ನೆನಪಿರುವುದು ಆ ಭಾನುವಾರದ ಸಂಜೆ. ವಠಾರದ ಏಳೆಂಟು ಮಕ್ಕಳು ನಮ್ಮ ಜಗುಲಿಯ ಮೇಲೆ ಸೇರಿದ್ದವು, ಸಿಂಹಳದ ಕಥೆ ಕೇಳಲು. ಬಸು ಹೇಳುತ್ತಾನೆ ಎಂದುಕೊಂಡಿದ್ದೆ. ನಾನು ಅಡುಗೆಮನೆಯಲ್ಲಿ ಸ್ಟೌ ಮೇಲೆ ಎಸರಿಟ್ಟು ನಿಂತಿದ್ದಾಗ ಕೇಳಿಸಿದ ದನಿ ನೀಲಾಳದು.

"ಹಡಗು ನಮ್ಮ ವಠಾರದಂಥ ಮೂರು ವಠಾರದಷ್ಟು ದೊಡ್ಡದು. ನಾನೊಬ್ಳೇ ಈಚೆ ನಿಂತಿದ್ದೆ. ಆಗ ತಿಮಿಂಗಿಲ ಬಂತು."

"ತಿಮಿಂಗಿಲ ಬರ್ಲಿಲ್ಲ ಕಣೇ!" ಎಂದ ಬಸು.

"ನೀನು ವಾಂತಿ ಮಾಡ್ತಾ ಇದ್ದೆ ಕಣೋ, ನಿಂಗೇನ್ ಗೊತ್ತು? ಬಂತು. ನನ್ನೇ ನೋಡ್ತು."

ಆಮೇಲೇನಾಯ್ತು ಎಂದು ಯಾರೋ ಕೇಳಿದರು. ಕಟಕಟೆಗೆ ಗಲ್ಲ ಆನಿಸಿ ನಿಂತಿದ್ದಾಗ ಅವಳು ನಿಜಕ್ಕೂ ಏನು ಕಂಡಿದ್ದಳೋ ನನಗೆ ಗೊತ್ತಿಲ್ಲ. ಎಸರು ಕುದಿಯತೊಡಗಿತ್ತು. ಹಿಟ್ಟು ಸುರಿದು, ತಿಮಿಂಗಿಲ ಮುಂದೇನು ಮಾಡಿತೆಂದು ಕಿವಿ ಅತ್ತ ಇಟ್ಟುಕೊಂಡು, ಮುದ್ದೆ ತೊಳಸತೊಡಗಿದೆ.